ಎತ್ತರದವರಿಗೆ ಮೊಳೆಯ ಪಾಠ

ಲಿಫ್ಟ್ ರಿಪೇರಿಯವರಲ್ಲಿ ಎರಡು ಬಗೆ. ಕಟ್ಟಡದ ನೆತ್ತಿಯ ಮೇಲಿರುವ ಮೋಟಾರಿನ ಕೋಣೆಯಲ್ಲಿ ನಿಂತು ಕೈಗೆ ಗ್ರೀಸು ಮೆತ್ತಿಕೊಳ್ಳುವವರು ಒಂದು ಬಗೆ. ಲಿಫ್ಟಿನ ಅಡಿಯಲ್ಲಿರುವ ಗುಂಡಿಗೆ ಇಳಿದು ಮೈಯೆಲ್ಲ ಗ್ರೀಸು ಮೆತ್ತಿಕೊಳ್ಳುವವರು ಇನ್ನೊಂದು ಬಗೆ. ಮೊಳೆ ಎರಡನೆಯ ಬಗೆಯವನು. ಆಳು ಐದಡಿ ಎರಡಂಗುಲ. ಬೇರೆ ಮೆಕ್ಯಾನಿಕ್ಕುಗಳು ನಡು ಹಿಡಿದುಕೊಂಡು, ಕಂಡ ದೇವರಿಗೆಲ್ಲ ಕೈಮುಗಿದು ಇಳಿಯುತ್ತಿದ್ದ ಗುಂಡಿಗೆ ಅವನು ತನ್ನ ಮನೆಯ ಬಚ್ಚಲಿಗೆ ಹೋದಷ್ಟೇ ಸಲೀಸಾಗಿ ಹೋಗಿ, ಸ್ಪ್ರಿಂಗು ಒರೆಸಿ, ನಿಂತ ನೀರನ್ನು ಎತ್ತಿ ಹಾಕಿ, ಶಿಳ್ಳೆ ಹೊಡೆಯುತ್ತ ಮೇಲೆ ಬರುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಅದೇ ಕಂಪನಿ, ಅವೇ ಗುಂಡಿಗಳು. ಬೇಸರವಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, "ಊರೆಲ್ಲ ಮೇಲೆ ಹೋಗೋದು ನಾನು ಕೆಳಗಿಳಿದ್ರೇನೇ," ಎನ್ನುತ್ತಿದ್ದ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಅರ್ಧಕ್ಕೆ ಬರುವಷ್ಟರಲ್ಲಿ ಅವನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಮೊಳೆ ಎಂಬ ಹೆಸರು ಮಾತ್ರ ಗುಂಡಿಯಿಂದ ಬಂದದ್ದಲ್ಲ, ಫುಟ್‌ಬಾಲಿನಿಂದ ಬಂದದ್ದು. ವಯಸ್ಸಿದ್ದಾಗ ಅವನು ಎಂಟು ವರ್ಷ ಕಂಪನಿಯ ತಂಡದಲ್ಲಿ ಮುಂದಿನ ಸಾಲಿನ ಆಟಗಾರ. ತಲೆಯಿಂದಲೇ ನಲವತ್ತೊಂದು ಗೋಲು ಹೊಡೆದಿದ್ದ. ನಂಬದವರು ನಂಬಬೇಡಿ, ನೋಡಿದವರು ಇನ್ನೂ ಬದುಕಿದ್ದಾರೆ. ಅವನ ಪಕ್ಕದಲ್ಲಿ ಬಾಗಿಲ ಚೌಕಟ್ಟಿನಂಥ ಆಳುಗಳು ನಿಂತಿರುತ್ತಿದ್ದರು. ಚೆಂಡು ಬರುವುದನ್ನು ನೋಡುತ್ತ ಅವರು ನಿಂತೇ ಇರುವಾಗ ಇವನು ಎರಡು ಹೆಜ್ಜೆ ಹಿಂದೆ ಸರಿದು, ಓಡಿ ಬಂದು, ಅವರಿಗಿಂತ ಅರೆಗಳಿಗೆ ಮೊದಲೇ ನೆಲ ಬಿಟ್ಟಿರುತ್ತಿದ್ದ. ಅವರು ಹಾರುವ ಹೊತ್ತಿಗೆ ಇವನ ಕೆಲಸ ಮುಗಿದಿರುತ್ತಿತ್ತು. ಚೆಂಡು ನೆಲಕ್ಕೆ ಬಡಿದು ಗೋಲಿನೊಳಗೆ. "ಮೊಳೆ ಹೊಡೆದ ಹಾಗೆ ಹೊಡೀತಾನಲ್ಲೋ," ಎಂದು ಯಾರೋ ಅಂದರಂತೆ. "ಹೊಡೆಯೋದೇನು ಬಂತು, ಅವನೇ ಮೊಳೆ," ಎಂದು ಇನ್ಯಾರೋ ಅಂದರಂತೆ. ಅಲ್ಲಿಗೆ ತಾಯಿ ತಂದೆ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಒಮ್ಮೆ ದೊಡ್ಡ ಕ್ಲಬ್ಬಿನವರು ಆಟಗಾರರನ್ನು ಆರಿಸಲು ಬಂದಿದ್ದರು. ಪಟ್ಟಿ ಹಿಡಿದು ಕೂತವನು "ಎತ್ತರ?" ಎಂದ. ಇವನು ಹೇಳಿದ. ಪಟ್ಟಿಯವನು ತಲೆ ಕೂಡ ಎತ್ತದೆ ಪೆನ್ಸಿಲಿನಿಂದ ಒಂದು ಗೆರೆ ಎಳೆದ. ತೂಕದ ಅಂಗಡಿಯವರಿಗಾದರೂ ಸ್ವಲ್ಪ ಕನಿಕರವಿರುತ್ತದೆ, ಒಂದು ಕಾಳು ಹೆಚ್ಚು ಹಾಕಿ ನೋಡುತ್ತಾರೆ. ಈ ಆರಿಸುವವರಿಗೆ ಅದೂ ಇಲ್ಲ. ಮೊಳೆ ಮನೆಗೆ ಬಂದು ಉಂಡು ಮಲಗಿದ. ಮರುದಿನ ಗುಂಡಿಗೆ ಇಳಿದ. ಅದನ್ನು ದೊಡ್ಡ ಗಾಯ ಮಾಡಿಕೊಂಡು ನೆಕ್ಕುತ್ತ ಕೂರುವ ಪೈಕಿ ಅವನಲ್ಲ.

ಆದರೆ ಕಾಲ ಬಹಳ ತಮಾಷೆಯದು. ಮಂಡಿ ಕೈಕೊಟ್ಟು ಅವನು ಆಟ ಬಿಟ್ಟ ಎರಡು ವರ್ಷಕ್ಕೆ ಅದೇ ಕ್ಲಬ್ಬಿನ ತರಬೇತುದಾರ ಅವನನ್ನು ಹುಡುಕಿಕೊಂಡು ಬಂದ. ಜೊತೆಗೆ ಆರಡಿ ಐದಂಗುಲದ ಒಬ್ಬ ಸ್ಟ್ರೈಕರ್. ಊರೆಲ್ಲ ಅವನನ್ನು ಗಳ ಎಂದು ಕರೆಯುತ್ತಿತ್ತು. ಅಷ್ಟು ಉದ್ದವಿದ್ದೂ ಇಡೀ ವರ್ಷದಲ್ಲಿ ತಲೆಯಿಂದ ಒಂದೇ ಒಂದು ಗೋಲು ಬಂದಿರಲಿಲ್ಲ. ಹೊಡೆದದ್ದೆಲ್ಲ ಗೋಲಿನ ಮೇಲಿಂದ ಹಾರಿ ಹೋಗುತ್ತಿತ್ತು.

"ಏನಾಗಿದೆ ಇವನಿಗೆ?" ಎಂದ ತರಬೇತುದಾರ, ಡಾಕ್ಟರ ಹತ್ತಿರ ಮಗುವನ್ನು ಕರೆತಂದವನ ಹಾಗೆ.

"ಏನೂ ಆಗಿಲ್ಲ. ಉದ್ದ ಆಗಿದ್ದಾನೆ ಅಷ್ಟೆ," ಎಂದ ಮೊಳೆ. "ಗಿಡ್ಡಗಿರೋನು ಚೆಂಡನ್ನ ಹುಡುಕ್ಕೊಂಡು ಹೋಗ್ತಾನೆ. ಉದ್ದ ಇರೋನು, ಚೆಂಡೇ ಮನೆ ಬಾಗಿಲಿಗೆ ಬರಲಿ ಅಂತ ಕಾಯ್ತಾನೆ. ಚಿಕ್ಕಂದಿನಲ್ಲಿ ಬಂದಿರುತ್ತೆ ಕೂಡ. ದೊಡ್ಡ ಆಟಕ್ಕೆ ಹೋದ್ಮೇಲೆ ಎದುರಿಗೂ ಉದ್ದದವರೇ ಸಿಕ್ತಾರೆ ನೋಡಿ, ಆಗ ಶುರುವಾಗುತ್ತೆ ಪರದಾಟ."

ಹೀಗೆ ಶುರುವಾಯಿತು ಮೊಳೆಯ ಶಾಲೆ. ಕಂಪನಿಯ ಸಾಮಾನಿನ ಶೆಡ್ಡಿನ ಹಿಂದೆ ಒಂದು ಅಂಗಳ. ಅಲ್ಲಿ ಸರಪಳಿ ರಾಟೆಗಳನ್ನು ಪರೀಕ್ಷೆ ಮಾಡಲು ನಿಲ್ಲಿಸಿದ ಕಬ್ಬಿಣದ ತೊಲೆ. ಮೊಳೆ ಒಂದು ಚೆಂಡನ್ನು ಬಲೆಯಲ್ಲಿ ಕಟ್ಟಿ, ಆ ತೊಲೆಗೆ ಇಳಿಬಿಟ್ಟು, ಏಣಿಯ ಮೇಲೆ ಕೂತು ಹಗ್ಗವನ್ನು ಏರಿಸುತ್ತ ಇಳಿಸುತ್ತ ಇರುತ್ತಿದ್ದ. ಶಿಷ್ಯನ ಹಣೆಯ ಮೇಲೆ, ಕೂದಲ ಗೆರೆಗಿಂತ ಎರಡು ಬೆರಳು ಕೆಳಗೆ, ಒಂದು ಬೊಟ್ಟು ಗ್ರೀಸು. ಸರಿಯಾಗಿ ಹೊಡೆದರೆ ಚೆಂಡಿನ ಮೇಲೆ ಕಪ್ಪು ಗುರುತು ಬೀಳುತ್ತದೆ. ಗುರುತು ಬೀಳಲಿಲ್ಲವೆಂದರೆ ಚೆಂಡು ತಗುಲಿದ್ದು ನೆತ್ತಿಗೆ ಎಂದೇ ಅರ್ಥ. ವಾದ ಮಾಡಿ ಪ್ರಯೋಜನವಿಲ್ಲ. ನೆತ್ತಿಯಿಂದ ಹೊಡೆದ ಚೆಂಡಿಗೆ ತಾನು ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಹಣೆಯಿಂದ ಹೊಡೆದರೆ ಹೇಳಿದಲ್ಲಿಗೆ ಹೋಗುತ್ತದೆ. ಗದ್ದ ಎದೆಯ ಕಡೆ, ಕತ್ತು ಬಿಗಿ, ತೋಳು ಅಗಲ, ಕಣ್ಣು ತೆರೆದೇ ಇರಬೇಕು. ಚೆಂಡಿಗೆ ಗಾಳಿ ಅರ್ಧವೇ, ಮತ್ತು ದಿನಕ್ಕೆ ಇಪ್ಪತ್ತೇ ಹೊಡೆತ. ಇಪ್ಪತ್ತೊಂದನೆಯದಕ್ಕೆ ಯಾರಾದರೂ ಆಸೆ ಪಟ್ಟರೆ, "ತಲೆ ಏನು ಬಾಡಿಗೆಗೆ ತಂದಿದ್ದಾ? ಮನೆಗೆ ಹೋಗು," ಎಂದು ಗದರುತ್ತಿದ್ದ.

"ಎಲ್ಲಿಗೆ ಹೊಡೀಬೇಕು?" ಎಂದು ಗಳ ಕೇಳಿದ್ದ.

"ಕೆಳಕ್ಕೆ. ಗೋಲ್‌ಕೀಪರ್ ಮೇಲಕ್ಕೆ ಹಾರೋದನ್ನ ಚೆನ್ನಾಗಿ ಕಲ್ತಿರ್ತಾನೆ. ಬಗ್ಗೋದಕ್ಕೆ ಸೋಮಾರಿತನ. ಅವನ ಕಾಲಬುಡಕ್ಕೆ ಹೊಡಿ."

ಗಳ ಮುಂದಿನ ವರ್ಷ ತಲೆಯಿಂದ ಒಂಬತ್ತು ಗೋಲು ಹೊಡೆದ. ಆಮೇಲೆ ಮೊಳೆಯ ಅಂಗಳಕ್ಕೆ ಉದ್ದದವರ ಸಾಲೇ ಬಂತು. ಆರಡಿಗಿಂತ ಕಡಿಮೆಯವರಿಗೆ ಪ್ರವೇಶವಿಲ್ಲ ಎಂದು ಅವನು ಜಂಬ ಬೇರೆ ಮಾಡುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಹನ್ನೊಂದು ಮಂದಿ ಕಲಿತು ಹೋದರು. ಹನ್ನೆರಡನೆಯವಳು ಅವನ ಮಗಳು.

ಮಗಳ ಎತ್ತರ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಮೊಳೆಯ ಹೆಂಡತಿ ಪರದೆ ಬಟ್ಟೆಯ ಅಂಗಡಿಯಲ್ಲಿ ಅಳತೆ ತೆಗೆಯುವವಳು, ಐದಡಿ ಹತ್ತಂಗುಲ. ಮದುವೆಯ ಮಾತು ಬಂದಾಗ ಅವಳ ಚಿಕ್ಕಮ್ಮ, "ನಿನ್ನ ಭುಜಕ್ಕೂ ಬರಲ್ವಲ್ಲೇ ಅವನು," ಎಂದು ಮೂಗು ಮುರಿದಿದ್ದಳು. "ಉದ್ದ ಅಗಲ ನೋಡಿ ತರೋಕೆ ನಾನೇನು ಪರದೆ ಕೊಳ್ತಿದ್ದೀನಾ?" ಎಂದು ಇವಳು ತಿರುಗಿ ಕೇಳಿದ್ದಳು. ಗಂಡ ಹೆಂಡತಿಯ ನಡುವೆ ಎಂಟು ಅಂಗುಲದ ವ್ಯತ್ಯಾಸವೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸ ಹೆಚ್ಚಿಗೆ ಇರಲಿಲ್ಲ. ಮೇಲಿನ ಕಪಾಟು ಅವಳದು, ಕೆಳಗಿನ ಕಪಾಟು ಅವನದು. ಅಷ್ಟರಮಟ್ಟಿಗೆ ಸಂಸಾರ ಸಲೀಸಾಗಿತ್ತು.

ಹುಟ್ಟಿದಾಗ ಮಗು ಬೊಗಸೆಯಲ್ಲಿ ಹಿಡಿಯುವಷ್ಟಿತ್ತು, ಪುಟ್ಟಿ ಎಂದು ಕರೆದರು. ಹದಿಮೂರಕ್ಕೆ ಅವಳು ಅಪ್ಪನನ್ನು ದಾಟಿದಳು, ಹದಿನಾರಕ್ಕೆ ಅಮ್ಮನನ್ನು. ಹದಿನೆಂಟಕ್ಕೆ ಆರಡಿ ಎರಡಂಗುಲಕ್ಕೆ ಬಂದು ನಿಂತಳು. ಹೆಸರು ಮಾತ್ರ ಪುಟ್ಟಿಯೇ. ಮೊಳೆ ರಸ್ತೆಯ ಈ ತುದಿಯಿಂದ "ಪುಟ್ಟೀ" ಎಂದು ಕೂಗಿದರೆ ಹೊಸಬರು ಮಗುವೊಂದು ಓಡಿ ಬರುತ್ತದೆಂದು ನೋಡುತ್ತಿದ್ದರು. ಬರುತ್ತಿದ್ದುದು ದೀಪದ ಕಂಬ. ಹಗಲು ಅವಳು ಬಸ್ ಡಿಪೋದಲ್ಲಿ ಪಾರ್ಸೆಲು ವಿಂಗಡಿಸುತ್ತಿದ್ದಳು. ಸಂಜೆ ಊರಿನ ಹೆಂಗಸರ ತಂಡದಲ್ಲಿ ಸ್ಟ್ರೈಕರ್. ಕಾಲಿನ ಆಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಚೆಂಡು ಎದೆಗಿಂತ ಮೇಲೆ ಬಂದರೆ ಕತೆ ಬೇರೆ. ಕತ್ತು ಭುಜದೊಳಗೆ ಇಳಿಯುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ಮಂಡಿ ಮಡಚುತ್ತಿತ್ತು. ಹಾಗೆ ನೋಡಿದರೆ ಅವಳು ನಡೆಯುವುದೂ ಬಗ್ಗಿಯೇ. ಉದ್ದ ಹುಡುಗಿಯರಿಗೆ ನಾಚಿಕೆ ಜಾಸ್ತಿ, ವಯಸ್ಸಾದ ಮೇಲೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುವ ಮಾತನ್ನು ಅಪ್ಪ ಅಮ್ಮನೂ ನಂಬಿದ್ದರು.

ಅವಳಿಗೆ ಇಪ್ಪತ್ತಾದ ವರ್ಷ, ಇನ್ನು ಮೂರು ಪಂದ್ಯ ಉಳಿದಿರುವಾಗ, ತಂಡದ ಕೋಚಮ್ಮ ಶೆಡ್ಡಿನ ಹತ್ತಿರ ಬಂದಳು. ಕೊರಳಲ್ಲಿ ಸೀಟಿ, ಮುಖದಲ್ಲಿ ನಗುವಿಲ್ಲ. ಅವಳಿಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿರಲಿಲ್ಲ.

"ನಾನು ಅವಳನ್ನ ತಗೊಂಡಿದ್ದು ಆರಡಿ ಎರಡಂಗುಲ ಇದ್ದಾಳೆ ಅಂತ. ಚೆಂಡು ಬಂದ್ರೆ ಐದಡಿ ಆಗಿಬಿಡ್ತಾಳೆ. ಊರಿನವರಿಗೆಲ್ಲ ಕಲ್ಸಿದ್ದೀರಿ, ಇವಳಿಗೇನು ಬಂತು? ಈ ಮೂರು ಪಂದ್ಯ ನೋಡ್ತೀನಿ. ಗೋಲೇ ಬೇಕು ಅಂತಿಲ್ಲ. ಒಂದು ಸಲ ನೆಟ್ಟಗೆ ನಿಂತು, ಕಣ್ಣು ಬಿಟ್ಟು ತಲೆ ಕೊಡಲಿ ಸಾಕು. ಇಲ್ಲಾಂದ್ರೆ ಮುಂದಿನ ವರ್ಷ ಅವಳ ಜಾಗಕ್ಕೆ ಬೇರೆಯವಳು ಬರ್ತಾಳೆ."

ಪುಟ್ಟಿಗೆ ಆ ಜಾಗವೆಂದರೆ ಪ್ರಾಣ. ಬಸ್ಸಿನಲ್ಲಿ ಅವಳ ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು, ಫೋಟೋದಲ್ಲಿ ಹಿಂದಿನ ಸಾಲಿಗೆ ಕಳಿಸುತ್ತಿದ್ದರು, ಅಂಗಡಿಯಲ್ಲಿ ಅವಳ ಅಳತೆಯ ಬಟ್ಟೆ ಇರುತ್ತಿರಲಿಲ್ಲ. ಮೈದಾನದಲ್ಲಿ ಮಾತ್ರ ಉದ್ದ ಕಾಲು ಕೆಲಸಕ್ಕೆ ಬರುತ್ತಿತ್ತು. "ಅಲ್ಲಿ ಬಿಟ್ರೆ ನಂಗೆ ಬೇರೆ ಎಲ್ಲೂ ಹಿಡಿಸಲ್ಲಪ್ಪ," ಎಂದು ಅವಳು ಒಮ್ಮೆ ಹೇಳಿದ್ದಳು. ಎಲ್ಲೂ ತನಗೆ ಜಾಗ ಸಾಲದು ಎಂದೋ, ಎಲ್ಲೂ ತನಗೆ ಇಷ್ಟವಾಗದು ಎಂದೋ, ಮೊಳೆ ವಿವರ ಕೇಳಿರಲಿಲ್ಲ.

ಕೋಚಮ್ಮ ಬಂದು ಹೋದಂದಿನಿಂದ ಅಂಗಳದಲ್ಲಿ ಪಾಠವೇ ಪಾಠ. ಗ್ರೀಸು ಹಚ್ಚಿದ್ದಾಯಿತು, ಹಗ್ಗ ಏರಿಸಿ ಇಳಿಸಿದ್ದಾಯಿತು. ಮೊಳೆ ಏಣಿಯಿಂದ ಇಳಿದು ಬಂದು ಪಕ್ಕದಲ್ಲಿ ನಿಂತು, "ಹೀಗೆ ಪುಟ್ಟಿ, ಹೀಗೆ," ಎಂದು ತಾನೇ ಕತ್ತು ಬಿಗಿಹಿಡಿದು ತೋರಿಸುತ್ತಿದ್ದ. ತೋರಿಸಿದಷ್ಟೂ ಅವಳು ಕುಗ್ಗುತ್ತಿದ್ದಳು. ಆಮೆಗೆ ಪಾಠ ಹೇಳಿದ ಹಾಗೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವನಿಗೆ ನೆನಪಾಗಿ ಮೈ ಉರಿಯಿತು. ಒಂದು ದಿನ ತಾಳ್ಮೆಗೆಟ್ಟು, "ಊರಿನ ಗಳಗಳಿಗೆಲ್ಲ ಕಲಿಸಿದೆ, ನನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ ಬರಲ್ಲ ಅಂದ್ರೆ ಏನರ್ಥ!" ಎಂದು ಕೂಗಾಡಿದ. ಪುಟ್ಟಿ ಹಣೆಯ ಗ್ರೀಸು ಒರೆಸಿಕೊಂಡಳು.

ಮೊದಲ ಪಂದ್ಯಕ್ಕೆ ಮೊಳೆ ಎಂದಿನಂತೆ ಮೂಲೆಯ ಬಾವುಟದ ಹತ್ತಿರ ನಿಂತಿದ್ದ. ಮಗಳ ಒಂದು ಪಂದ್ಯವನ್ನೂ ಅವನು ತಪ್ಪಿಸಿದವನಲ್ಲ. ಬದಿಯಿಂದ ಹೂವಿನಂಥ ಒಂದು ಚೆಂಡು ಬಂತು, ಗೋಲಿನಿಂದ ಆರು ಹೆಜ್ಜೆ ದೂರಕ್ಕೆ. ಪುಟ್ಟಿ ಅದರ ಕೆಳಗೇ ಇದ್ದಳು. ಚೆಂಡು ಬರುತ್ತಿದ್ದಂತೆ ಒಮ್ಮೆ ಅಪ್ಪನ ಕಡೆ ನೋಡಿದಳು, ಆಮೇಲೆ ಕುಗ್ಗಿದಳು. ಚೆಂಡು ಅವಳ ಕೂದಲು ಸವರಿಕೊಂಡು ಆಚೆ ಹೋಯಿತು. "ಬಗ್ಗಿದ್ಲಪ್ಪಾ!" ಎಂದು ಜನ ಗೊಳ್ಳೆಂದು ನಕ್ಕರು. ಮೊಳೆಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ತನಗಾಗಿ ಅಲ್ಲ, ಅವಳಿಗಾಗಿ.

ಎರಡು ದಿನದ ಮೇಲೆ ಹೆಂಡತಿ ಅಂಗಡಿಯಿಂದ ನೇರವಾಗಿ ಶೆಡ್ಡಿಗೆ ಬಂದಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಕೇಬಲ್ ಸುತ್ತಿದ ಮರದ ಚಕ್ರದ ಮೇಲೆ ಕೂತು ಅರ್ಧ ಗಂಟೆ ಅಪ್ಪ ಮಗಳ ಒದ್ದಾಟ ನೋಡಿದಳು. ಅಳತೆ ತೆಗೆಯುವವರ ಕಣ್ಣು ಅದು, ಅಂಗುಲ ತಪ್ಪುವುದಿಲ್ಲ.

"ರೀ, ಏಣಿ ಹತ್ತಿ," ಎಂದಳು.

ಮೊಳೆ ಹತ್ತಿದ. ಪುಟ್ಟಿ ಹೊಡೆದಳು. ಚೆಂಡಿನ ಮೇಲೆ ಗ್ರೀಸಿನ ಗುರುತು, ದುಂಡಗೆ, ನಡುವೆಯೇ.

"ಇಳೀರಿ."

ಇಳಿದ. ಪುಟ್ಟಿ ಹೊಡೆದಳು. ಗುರುತಿಲ್ಲ.

"ಮತ್ತೆ ಹತ್ತಿ."

ಮೂರು ಸಲ ಹತ್ತಿಸಿ ಮೂರು ಸಲ ಇಳಿಸಿದಳು. ಮೊಳೆಗೆ ಮಂಡಿ ನೋವು ಬಂತು. "ಏನೇ ಇದು, ನನ್ನನ್ನೇ ಲಿಫ್ಟ್ ಮಾಡಿಬಿಟ್ಯಲ್ಲ," ಎಂದ.

"ನೀವು ಮೇಲಿದ್ರೆ ಹೊಡೀತಾಳೆ. ಕೆಳಗೆ ಬಂದು ಪಕ್ಕದಲ್ಲಿ ನಿಂತ್ರೆ ಕುಗ್ತಾಳೆ. ಇದು ಕತ್ತಿನ ರೋಗ ಅಲ್ಲ. ಪುಟ್ಟಿ, ಬಾ ಇಲ್ಲಿ. ಏನು ವಿಷಯ ಹೇಳು."

ಪುಟ್ಟಿ ಮೊದಲು ಏನಿಲ್ಲ ಎಂದಳು. ಆಮೇಲೆ ನೆಲ ನೋಡುತ್ತ ಹೇಳಿದಳು. ಅವಳಿಗೆ ಹದಿಮೂರು ತುಂಬಿದ ವರ್ಷ. ಅಪ್ಪನ ಜೊತೆ ಶಾಲೆಯಿಂದ ಬರುವಾಗ ಪೇಪರು ಮಾರುವವನೊಬ್ಬ, "ಏನು ಸಾರ್, ಮಗಳು ನಿಮ್ಮನ್ನ ಕೈ ಹಿಡಿದು ರಸ್ತೆ ದಾಟಿಸ್ತಿದ್ದಾಳಾ?" ಎಂದು ನಗೆಯಾಡಿದ್ದ. ಅಪ್ಪನೂ ನಕ್ಕಿದ್ದ. ಅದೇ ಸಂಜೆ ಅಪ್ಪ ಬಾಗಿಲ ಹಿಂದೆ ಕೂತು ಬೂಟಿನೊಳಗೆ ರಟ್ಟು ಕತ್ತರಿಸಿ ಇಡುತ್ತಿದ್ದುದನ್ನು ಅವಳು ನೋಡಿದಳು.

"ನೀನು ಎತ್ತರ ಕಾಣೋಕೆ ಅಷ್ಟು ಕಷ್ಟ ಪಡ್ತಿದ್ದೀಯಲ್ಲ ಅನ್ನಿಸ್ತು. ನಾನು ಸ್ವಲ್ಪ ಬಗ್ಗಿದ್ರೆ ನಿನಗೆ ಸುಲಭ ಆಗುತ್ತೆ ಅಂತ ಬಗ್ಗಿದೆ. ಈಗ ಬೇಕು ಅಂತ ಬಗ್ಗಲ್ಲಪ್ಪ, ಕತ್ತು ತಾನೇ ಬಗ್ಗುತ್ತೆ. ನೀನು ಕಂಡ್ರೆ ಇನ್ನೂ ಜಾಸ್ತಿ."

ಮೊಳೆಗೆ ಎದೆಯೊಳಗೆ ಏನೋ ಕಿತ್ತು ಬಂದಂತಾಯಿತು. ಏಳು ವರ್ಷದಿಂದ ಈ ಹುಡುಗಿ ತನ್ನ ಪಕ್ಕದಲ್ಲಿ ನಡೆಯುವಾಗಲೆಲ್ಲ ತನಗಾಗಿ ಅಂಗುಲ ಅಂಗುಲ ಬಿಟ್ಟುಕೊಡುತ್ತಿದ್ದಳು. ತಾನು ಅದನ್ನು ನಾಚಿಕೆ ಎಂದು ತಿಳಿದು, ಆಮೆ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದ.

"ಹುಚ್ಚಿ," ಎಂದ. "ಅದು ಎತ್ತರಕ್ಕಲ್ಲ. ಕಂಪನಿ ಬೂಟು ನನ್ನ ಅಳತೇದು ಬರೋದೇ ಇಲ್ಲ. ಅವರ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಚಿಕ್ಕದೂ ನಂಗೆ ಸಡಿಲ. ಗುಂಡೀಲಿ ಕಾಲು ಜಾರುತ್ತೆ. ಅದಕ್ಕೆ ರಟ್ಟು."

ಮಾತು ನಿಜವೇ. ಅಲ್ಲಿಗೇ ನಿಲ್ಲಿಸಬಹುದಿತ್ತು, ಮಗಳು ನಂಬಿಯೂ ಬಿಡುತ್ತಿದ್ದಳು. ಆದರೆ ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಬಲಗಾಲಿನ ಬೂಟು ಬಿಚ್ಚಿ, ಒಳಗಿನಿಂದ ರಟ್ಟುಗಳನ್ನು ಎಳೆದು ನೆಲದ ಮೇಲಿಟ್ಟ. ಮೂರಿದ್ದವು.

"ಇದೊಂದು ರಟ್ಟು ಬೂಟಿಗೆ," ಎಂದ. ಸ್ವಲ್ಪ ತಡೆದು, "ಇನ್ನೆರಡು ನನಗೆ," ಎಂದ.

ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ದೊಡ್ಡ ಕ್ಲಬ್ಬಿನವರು ಪೆನ್ಸಿಲಿನಿಂದ ಗೆರೆ ಎಳೆದಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ.

"ನಂಗೆ ಇಪ್ಪತ್ತು ವರ್ಷದಿಂದ ಗೊತ್ತು," ಎಂದಳು ಹೆಂಡತಿ. "ಬೂಟು ಬಿಸಿಲಿಗಿಡೋಳು ಯಾರು ಅಂದ್ಕೊಂಡ್ರಿ?"

"ಅಪ್ಪಾ, ಎರಡು ರಟ್ಟಿಗೆ ಯಾರೂ ಉದ್ದ ಆಗಲ್ಲ," ಎಂದಳು ಪುಟ್ಟಿ. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು ತಡೆದುಕೊಳ್ಳುತ್ತಿದ್ದಳು.

"ಅರ್ಧ ಅಂಗುಲ ಆಗ್ತೀನಿ," ಎಂದ ಮೊಳೆ ಮಾನ ಹೋದವನಂತೆ. "ಬೇಕಾದ್ರೆ ನಿಮ್ಮಮ್ಮ ಟೇಪ್ ಹಿಡಿದು ನೋಡ್ಲಿ."

ಅಲ್ಲಿಗೆ ಮೂವರಿಗೂ ನಗು ಬಂತು. ನಕ್ಕು ನಕ್ಕು ಹೆಂಡತಿ ಕೇಬಲ್ ಚಕ್ರದಿಂದ ಜಾರಿದಳು. ನಗು ಇಳಿದ ಮೇಲೆ ಮೊಳೆ ಎರಡೂ ಬೂಟಿನಿಂದ ಎರಡೆರಡು ರಟ್ಟು ತೆಗೆದು ಕಸದ ಡಬ್ಬಿಗೆ ಹಾಕಿದ.

"ಕೇಳಿಲ್ಲಿ, ಪುಟ್ಟಿ. ನೀನು ಬಗ್ಗಿದ್ರೆ ನಾನು ಉದ್ದ ಆಗಲ್ಲ, ಇಬ್ಬರೂ ಗಿಡ್ಡ ಆಗ್ತೀವಿ. ನೀನು ನೆಟ್ಟಗೆ ನಿಂತ್ರೆ ನಾನು ಇಷ್ಟುದ್ದ ಮಗಳಿರೋನು. ಯಾವುದು ಒಳ್ಳೇದು ನೀನೇ ಹೇಳು."

ಏಳು ವರ್ಷದ ಬಗ್ಗು ಒಂದು ಸಂಜೆಗೆ ನೆಟ್ಟಗಾಗುತ್ತದೆಯೇ? ಎರಡನೆಯ ಪಂದ್ಯದಲ್ಲಿ ಪುಟ್ಟಿ ಅರ್ಧ ಎದ್ದಳು, ಅರ್ಧ ಕುಗ್ಗಿದಳು. ಚೆಂಡು ಕಿವಿಗೆ ಬಡಿದು ಹೊರಗೆ ಹೋಯಿತು. ಎರಡು ದಿನ ಕಿವಿ ಊದಿಕೊಂಡಿತ್ತು. ಕೋಚಮ್ಮ ಬೈಯಲಿಲ್ಲ, ಅದೇ ಹೆದರಿಕೆಯ ವಿಷಯ. ಬೈಯುವವರು ಇನ್ನೂ ಆಸೆ ಇಟ್ಟುಕೊಂಡಿರುತ್ತಾರೆ.

ಮೊಳೆ ಪಾಠದ ರೀತಿಯನ್ನೇ ಬದಲಿಸಿದ. ಏಣಿ ಮೂಲೆಗೆ ಸೇರಿತು. ಅವನು ಮಗಳ ಪಕ್ಕದಲ್ಲೇ, ಅವಳ ಮೊಣಕೈಗೆ ಭುಜ ತಾಗುವಷ್ಟು ಹತ್ತಿರ ನಿಂತ. ಹೆಂಡತಿ ಎದುರಿನಿಂದ ಚೆಂಡು ಎಸೆಯುತ್ತಿದ್ದಳು. "ನನ್ನ ಪಕ್ಕದಲ್ಲೇ ಹಾರು. ನನ್ನ ತಲೆ ಮೇಲಿಂದ ಹಾರು. ನಾನು ಬೀಳಲ್ಲ, ಮುರಿಯಲ್ಲ, ಅಳಲ್ಲ," ಎನ್ನುತ್ತ, ಕೆಟ್ಟ ಮಂಡಿ ಹೊತ್ತು ತಾನೂ ಜೊತೆಗೆ ಹಾರುತ್ತಿದ್ದ. ನೋಡುವವರಿಗೆ ಒಳ್ಳೆ ತಮಾಷೆ. ಮೊದಲ ದಿನ ಇಪ್ಪತ್ತರಲ್ಲಿ ಎರಡು ಗುರುತು ಬಿತ್ತು. ವಾರದ ಕೊನೆಗೆ ಒಂಬತ್ತು. ಇಪ್ಪತ್ತೊಂದನೆಯದನ್ನೂ ಪುಟ್ಟಿ ಕೇಳಿದಳು, ಅವನು ಕೊಡಲಿಲ್ಲ.

ಮೂರನೆಯ ಪಂದ್ಯದ ದಿನ ಮಧ್ಯಾಹ್ನ ಒಂದು ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಒಳಗೆ ದಂತವೈದ್ಯರ ಹತ್ತಿರ ಹೊರಟಿದ್ದ ಒಬ್ಬ ಅಜ್ಜಿ. ಮೊಳೆ ಗುಂಡಿಗಿಳಿದು, ಅಜ್ಜಿಯನ್ನು ಹೊರಗೆ ತಂದು, ಅವಳ ಆಶೀರ್ವಾದ ಪೂರ್ತಿ ಕೇಳುವಷ್ಟರಲ್ಲಿ ಪಂದ್ಯ ಅರ್ಧ ಮುಗಿದಿತ್ತು. ಮೈದಾನಕ್ಕೆ ಓಡಿ ಬಂದಾಗ ಬಾವುಟದ ಮೂಲೆಯಲ್ಲಿ ಕಾಲಿಡಲು ಜಾಗವಿಲ್ಲ. ಹೆಂಡತಿ ಎಲ್ಲೋ ಮುಂದೆ ಇದ್ದಳು. ಅವನ ಮುಂದೆ ಇದ್ದುದು ಬರೀ ಬೆನ್ನುಗಳು, ಅಗಲವಾದ, ನಿಶ್ಚಿಂತೆಯ ಬೆನ್ನುಗಳು.

"ಎಷ್ಟಾಗಿದೆ?" ಎಂದು ಟೋಪಿ ಹಾಕಿದವನೊಬ್ಬನ ಬೆನ್ನನ್ನು ಕೇಳಿದ.

"ಎರಡು ಕಡೆಗೂ ಸೊನ್ನೆ. ಇನ್ನು ಹತ್ತು ನಿಮಿಷ ಇದೆ," ಎಂದ ಟೋಪಿಯವನು ತಿರುಗದೆಯೇ. "ಆ ಉದ್ದದ ಹುಡುಗೀನ ತೆಗೀತಾರೆ ಅಂತ ಕಾಣುತ್ತೆ. ಇನ್ನೊಬ್ಬಳು ಆಗ್ಲೇ ಗೆರೆ ಹತ್ರ ಬಂದು ನಿಂತಿದ್ದಾಳೆ. ಈ ಕಾರ್ನರ್ ಒಂದು ಮುಗೀಲಿ ಅಂತ ಕಾಯ್ತಿದ್ದಾರೆ."

ಟೋಪಿಯವನ ಭುಜಕ್ಕೂ ಪಕ್ಕದವನ ಭುಜಕ್ಕೂ ನಡುವೆ ಒಂದು ಸಂದಿಯಿತ್ತು. ಅದರಲ್ಲಿ ನೆಲ ಕಾಣುತ್ತಿರಲಿಲ್ಲ, ಕಾಲುಗಳು ಕಾಣುತ್ತಿರಲಿಲ್ಲ. ಗೋಲಿನ ಮುಂದೆ ನೂಕಾಡುತ್ತಿದ್ದ ತಲೆಗಳು ಮಾತ್ರ ಕಾಣುತ್ತಿದ್ದವು, ಹನ್ನೆರಡೋ ಹದಿಮೂರೋ. ಪುಟ್ಟಿಯ ತಲೆ ಯಾವುದೆಂದು ಹುಡುಕಬೇಕಾಯಿತು. ಅದು ಉಳಿದ ತಲೆಗಳ ಮಟ್ಟಕ್ಕೇ ಇಳಿದಿತ್ತು.

ಸೀಟಿ ಕೇಳಿಸಿತು. ಚೆಂಡು ಸಂದಿಯ ಒಂದು ಕಡೆಯಿಂದ ಒಳಗೆ ಬಂತು. ತಲೆಗಳೆಲ್ಲ ಇದ್ದಲ್ಲೇ ಕಾದವು. ಒಂದು ತಲೆ ಮಾತ್ರ ಹಿಂದೆ ಸರಿಯಿತು, ಎರಡು ಹೆಜ್ಜೆ. ಆಮೇಲೆ ಅದು ಮುಂದೆ ಬಂತು, ಮೇಲೆ ಬಂತು, ಇನ್ನೂ ಮೇಲೆ ಬಂತು. ಉಳಿದವರ ತಲೆಗಳು ಅವಳ ಎದೆಯ ಹತ್ತಿರ ಉಳಿದವು. ಕತ್ತು ಪೂರ್ತಿ ಹೊರಗಿತ್ತು, ತೋಳು ಅಗಲ, ಗದ್ದ ಒಳಗೆ. ಕಣ್ಣು ತೆರೆದಿತ್ತು. ಮೊಳೆ ಅದನ್ನು ನೋಡಿದ, ಇನ್ನೇನನ್ನೂ ನೋಡಲಿಲ್ಲ. ಹಣೆ ಚೆಂಡಿಗೆ ಬಡಿಯಿತು. ಚೆಂಡು ಅವನು ಕಲಿಸಿದಂತೆ ನೇರ ಕೆಳಕ್ಕೆ ಹೋಯಿತು, ಜನರ ಬೆನ್ನಿನ ಮರೆಗೆ.

"ಆಹಾ!" ಎಂದು ಅವನು ಕುಣಿದುಬಿಟ್ಟ. ಅದೇ ಹೊತ್ತಿಗೆ ಇಡೀ ಮೈದಾನ "ಅಯ್ಯೋ!" ಎಂದಿತು.

ಟೋಪಿಯವನು ಈಗ ತಿರುಗಿದ. "ಏನು ಯಜಮಾನ್ರೇ, ಕೀಪರ್ ಕಾಲಲ್ಲಿ ತಡೆದ್ಲು, ಗೋಲು ಹೋಯ್ತು, ನೀವು ಕುಣೀತೀರಲ್ಲ! ಆ ಕಡೆಯವರಾ?"

"ಹೋಗ್ಲಿ ಬಿಡಿ. ಆ ಇನ್ನೊಬ್ಬಳು ಗೆರೆ ಹತ್ರ ಇದ್ಲಲ್ಲ, ಏನಾದ್ಲು?"

ಟೋಪಿಯವನು ಇಣುಕಿ ನೋಡಿದ. "ವಾಪಸ್ ಕೂರಿಸಿದ್ರು. ಮತ್ತೆ ಕಾರ್ನರ್ ಸಿಕ್ಕಿದೆ ನೋಡಿ, ಇಂಥವಳನ್ನ ಈಗ ಯಾರು ತೆಗೀತಾರೆ? ಅಬ್ಬಾ, ಏನು ಹಾರಿದ್ಲು! ನಿಮಗೆ ಗೊತ್ತಿರೋ ಹುಡುಗೀನಾ?"

"ನನ್ನ ಮಗಳು."

ಟೋಪಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಹಳ ಹೊತ್ತು ಹಿಡಿಯುವ ಕೆಲಸವಲ್ಲ ಅದು. ಮೈದಾನದ ಕಡೆ ನೋಡಿದ, ಮತ್ತೆ ಇವನನ್ನು ನೋಡಿದ. ನಂಬಿದನೋ ಇಲ್ಲವೋ, ಅಂತೂ ಮೊಳೆಯ ರಟ್ಟೆ ಹಿಡಿದು, "ಜಾಗ ಬಿಡ್ರಪ್ಪ, ಆ ಹುಡುಗಿ ಅಪ್ಪ ಇವ್ರು, ಜಾಗ ಬಿಡಿ!" ಎಂದು ಕೂಗುತ್ತ ಅವನನ್ನು ಮುಂದಕ್ಕೆ ತಳ್ಳತೊಡಗಿದ.

ಮೊಳೆಗೆ ಆಗ ಹೊಳೆಯಿತು. ತಾನು ಬಂದದ್ದೇ ಪುಟ್ಟಿಗೆ ಗೊತ್ತಿಲ್ಲ. ಮೂಲೆಯಲ್ಲಿ ತಾನು ಕಾಣಲಿಲ್ಲವೆಂದೇ ಅಷ್ಟು ಎತ್ತರ ಹಾರಿದಳೇನೋ. ಈಗ ಕಂಡರೆ? "ಬೇಡ ಸ್ವಾಮಿ, ನಾನಿಲ್ಲೇ ಇರ್ತೀನಿ," ಎಂದು ಹಿಂದೆ ಜಗ್ಗಿದ. ಯಾರು ಕೇಳುತ್ತಾರೆ? ಬೆನ್ನುಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು, ಕೈಗಳು ಅವನನ್ನು ದಾಟಿಸಿದವು, ಅವನು ಮೈದಾನದ ಅಂಚಿಗೆ ಕಟ್ಟಿದ ಹಗ್ಗದ ಹತ್ತಿರ ಬಂದು ಬಿದ್ದ. ಎದುರಿಗೆ ಗೋಲು. ಹದಿನೈದು ಹೆಜ್ಜೆ ಆಚೆ ಪುಟ್ಟಿ, ಕೆನ್ನೆಗೆ ಅಂಟಿದ ಕೂದಲು ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದಳು. ಬಾವುಟದ ಹತ್ತಿರ ಒಬ್ಬಳು ಚೆಂಡು ಇಡುತ್ತಿದ್ದಳು.

ಗದ್ದಲ ಕೇಳಿ ಪುಟ್ಟಿ ತಿರುಗಿದಳು. ಅಪ್ಪನನ್ನು ಕಂಡಳು. ಇನ್ನೂರು ಜನರ ಮುಂದೆ, ಗ್ರೀಸು ಮೆತ್ತಿದ ಅಂಗಿಯಲ್ಲಿ, ಎಲ್ಲರ ಭುಜಗಳಿಗಿಂತ ಕೆಳಗೆ, ಹಗ್ಗ ಹಿಡಿದು ನಿಂತಿದ್ದ ಅಪ್ಪನನ್ನು ಪೂರ್ತಿ ಕಂಡಳು.

ಅವಳು ನಕ್ಕು ಕೈ ಬೀಸಿದಳು. ಆಮೇಲೆ ಚೆಂಡಿನ ಕಡೆ ತಿರುಗಿ, ಆರಡಿ ಎರಡಂಗುಲವೂ ನೆಟ್ಟಗೆ, ಕಾಯುತ್ತ ನಿಂತಳು.